ಕ್ಯಾಂಪಿನ ಗೇಟು ಮತ್ತು ನಮ್ಮ ಹುಡುಗರು

ಬೆಳಗಾವಿಯಲ್ಲಿ ಮಿಲಿಟರಿಯ ನೆಲ ಎಲ್ಲಿ ಮುಗಿಯುತ್ತದೆ, ಊರಿನ ನೆಲ ಎಲ್ಲಿಂದ ಸುರುವಾಗುತ್ತದೆ ಎಂದು ಹೊರಗಿನವರಿಗೆ ಬೆರಳು ಮಾಡಿ ತೋರಿಸುವುದು ಕಷ್ಟ. ಬಸ್ ಸ್ಟ್ಯಾಂಡಿನ ಹತ್ತಿರವೇ ಕೋಟೆ. ಅದರ ಬಾಗಿಲಲ್ಲಿ ದುರ್ಗಾದೇವಿಯ ಗುಡಿ. ಒಳಗೆ ರಟ್ಟರ ಕಾಲದ ಕಮಲ ಬಸದಿ, ಅಸದ್ ಖಾನನ ಸಫಾ ಮಸೀದಿ, ರಾಮಕೃಷ್ಣ ಆಶ್ರಮ. ಇವುಗಳ ನಡುನಡುವೆ ಸೈನ್ಯದ ಕಟ್ಟಡಗಳು, ಸೈನ್ಯದ ಬೋರ್ಡುಗಳು. ಬಸದಿ ನೋಡಲು ಬಂದವರು, ಆಶ್ರಮಕ್ಕೆ ಹೊರಟವರು, ಸೈಕಲ್ ಮೇಲಿನ ಜವಾನರು ಎಲ್ಲರೂ ಅದೇ ರಸ್ತೆಯಲ್ಲಿ ಹೋಗುತ್ತಾರೆ. ಊರ ಇನ್ನೊಂದು ಮಗ್ಗುಲಿಗೆ ಕ್ಯಾಂಪ್, ಅಂದರೆ ಕಂಟೋನ್ಮೆಂಟು. ಅಲ್ಲಿ ಇಂಡಿಪೆಂಡೆನ್ಸ್ ರಸ್ತೆ, ಹೈ ಸ್ಟ್ರೀಟ್, ಕಾನ್ವೆಂಟ್ ಶಾಲೆ, ಬೇಕರಿ, ಮರಗಳ ಸಾಲು, ಸುಣ್ಣ ಬಳಿದ ಕಲ್ಲು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಇಲ್ಲಿಯೇ ಇದೆ. ಬೈಲಹೊಂಗಲ ಸೀಮೆಯ ನಮಗೆ ಬೆಳಗಾವಿ ಎಂದರೆ ಒಂದು ಜಿಲ್ಲಾ ಕಚೇರಿ, ಇನ್ನೊಂದು ಈ ಕ್ಯಾಂಪ್.

ನನಗೆ ಕ್ಯಾಂಪ್ ತೋರಿಸಿದವರು ನನ್ನ ಕಾಕಾ. ಬೆಂಗಳೂರಿನ ಎಂ.ಇ.ಜಿ.ಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೇರಿ, ಹವಾಲ್ದಾರರಾಗಿ ಪೆನ್ಷನ್ ತಗೊಂಡು ಊರಿಗೆ ಬಂದವರು. ತಿಂಗಳಿಗೊಮ್ಮೆ ಕ್ಯಾಂಟೀನಿಗೆ ಹೋಗುವುದು ಅವರಿಗೆ ಒಂದು ವ್ರತ. ಬೈಲಹೊಂಗಲದಿಂದ ನೇಸರಗಿ ಮೇಲೆ ಹಾಯ್ದು, ಸಾಂಬ್ರಾದ ಏರ್‌ಮೆನ್ ತರಬೇತಿ ಶಾಲೆಯ ಉದ್ದನೆಯ ಗೋಡೆ ಬಂದ ಕೂಡಲೇ ಬಸ್ಸಿನಲ್ಲಿ ಕಾಕಾ ನೆಟ್ಟಗೆ ಕೂಡುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಕ್ಯಾಂಟೀನಿನಿಂದ ಬರುವುದು ಸಾಬೂನು, ಟೂತ್‌ಪೇಸ್ಟು, ಅವ್ವನಿಗೊಂದು ಕುಕ್ಕರು, ಮತ್ತು ರಮ್ಮು. ಹಳ್ಳಿಯ ಅರ್ಧ ಜನರಿಗೆ ಭಾರತೀಯ ಸೈನ್ಯದೊಡನೆ ಇದ್ದ ಸಂಬಂಧವೆಲ್ಲ ಆ ಬಾಟ್ಲಿಯ ಮೂಲಕವೇ ಎಂದರೆ ಸುಳ್ಳಲ್ಲ. ಕಾಕಾ ಬಸ್ ಇಳಿಯುವ ಹೊತ್ತಿಗೆ ಕಟ್ಟೆಯ ಮೇಲೆ ಕುಶಲ ವಿಚಾರಿಸುವವರ ಸಂಖ್ಯೆ ಅಂದು ಯಾಕೋ ಹೆಚ್ಚೇ ಇರುತ್ತಿತ್ತು.

ಕ್ಯಾಂಟೀನಿನ ಸರತಿ ಉದ್ದವಿದ್ದರೆ ನನ್ನನ್ನು ಮಿಲಿಟರಿ ಮಹಾದೇವ ಗುಡಿಯ ತೋಟದಲ್ಲಿ ಬಿಟ್ಟು ಹೋಗುತ್ತಿದ್ದರು. 1954ರಲ್ಲಿ ಬೆಳಗಾವಿಯಲ್ಲಿದ್ದ ಆರ್ಮಿ ಸಪ್ಲೈ ಕೋರ್‌ನ ಜನರಲ್ ನಾಗೇಶ್ ಕಟ್ಟಿಸಿದ ಗುಡಿ ಅದು. ನೋಡಿಕೊಳ್ಳುವವರು ಮರಾಠಾ ಲೈಟ್ ಇನ್‌ಫೆಂಟ್ರಿಯವರು. ಗುಡಿ ಸೈನ್ಯದ್ದು, ತೋಟ ಸೈನ್ಯದ್ದು, ಮಕ್ಕಳ ಜಾರುಬಂಡಿ ಕೂಡ ಸೈನ್ಯದ್ದೇ. ಒಳಗೆ ಬರುವವರು ಮಾತ್ರ ಟಿಳಕವಾಡಿಯ ಸಂಸಾರಸ್ಥರು, ಶಹಾಪುರದ ನೇಕಾರರು, ಖಾನಾಪುರದ ಕಡೆಯಿಂದ ಬಂದ ರೈತರು, ನಮ್ಮಂಥ ಹಳ್ಳಿಯ ಹುಡುಗರು. ಹುಲ್ಲು ಇಷ್ಟು ಸಮನಾಗಿ ಕತ್ತರಿಸಿರಬಹುದು ಎಂದು ನಾನು ಮೊದಲು ಕಂಡದ್ದು ಅಲ್ಲಿ. ಹುಲ್ಲು ಎಂದರೆ ಎಮ್ಮೆಗೆ ಹಾಕುವುದು ಎಂದು ತಿಳಿದವನು ನಾನು. ಆ ತೋಟದಲ್ಲಿ ಯಾರೂ ಗದರಿಸುತ್ತಿರಲಿಲ್ಲ. ಆದರೆ ಕಾಗದ ಚೆಲ್ಲಲು, ಹೂ ಕೀಳಲು ಯಾರಿಗೂ ಕೈ ಬರುತ್ತಿರಲಿಲ್ಲ. ಶಿವರಾತ್ರಿಯ ಸಾಲು ರಸ್ತೆಗೆ ಬಂದರೂ ಗದ್ದಲವಿಲ್ಲ. ನಮ್ಮೂರ ಜಾತ್ರೆಯಲ್ಲಿ ಒಬ್ಬರನ್ನೊಬ್ಬರು ತುಳಿದಾಡುವ ಜನವೇ ಅಲ್ಲಿ ಇಷ್ಟು ಶಿಸ್ತಿನಿಂದ ನಿಲ್ಲುತ್ತದಲ್ಲ ಎಂದು ಕಾಕಾ ಪ್ರತಿ ಸಲ ಹೇಳುತ್ತಿದ್ದರು. ‘ಮಂದಿ ಕೆಟ್ಟವರಲ್ಲಪಾ, ಜಾಗಾ ಹೆಂಗಿರತೈತಿ ಹಂಗ ಇರತಾರ,’ ಎಂಬುದು ಅವರ ತೀರ್ಮಾನ. ನಾನೂ ಮುಂದೆ ಪಿ.ಟಿ. ಮಾಸ್ತರನಾಗಿ ಬದುಕು ಕಳೆದವನು. ಆ ಮಾತನ್ನು ಅಲ್ಲಗಳೆಯುವ ಪ್ರಸಂಗ ನನಗೆ ಬಂದಿಲ್ಲ.

ನನ್ನ ನೌಕರಿ ಮೊದಲು ಸವದತ್ತಿಯಲ್ಲಿ, ಆಮೇಲೆ ಬಹಳ ವರ್ಷ ರಾಮದುರ್ಗದ ಕಡೆ. ಎರಡೂ ಕಡೆ ಪಿ.ಟಿ. ಮಾಸ್ತರನೆಂದರೆ ಶಾಲೆಯ ಹುಡುಗರಿಗೆ ಕಬಡ್ಡಿ ಆಡಿಸುವವನಷ್ಟೇ ಅಲ್ಲ. ಸೈನ್ಯದ ಭರ್ತಿಗೆ ಹೋಗುವ ಹುಡುಗರ ಗುರು ಕೂಡ. ಶಾಲೆ ಬಿಟ್ಟು ವರ್ಷಗಳಾದವರು, ಮಗ್ಗದ ಮೇಲೆ ಕೂತವರು, ಹೊಲ ಸಾಲದ ಮನೆಯ ಎರಡನೆಯ ಮಗ, ಮೂರನೆಯ ಮಗ, ಎಲ್ಲರೂ ಬಂದು ‘ಸರ, ಫಿಜಿಕಲ್ ತಯಾರಿ ಮಾಡಸ್ರಿ’ ಎನ್ನುತ್ತಿದ್ದರು. ಆಗಿನ ಲೆಕ್ಕ ಯಾವ ಹುಡುಗನನ್ನು ಕೇಳಿದರೂ ಬಾಯಿಪಾಠ. 1600 ಮೀಟರ್ ಓಟ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5.45ರೊಳಗೆ ಆದರೆ 48; ಅದಕ್ಕಿಂತ ಒಂದು ಸೆಕೆಂಡು ದಾಟಿದರೂ ಮನೆಗೆ. ಬೀಮ್ ಮೇಲೆ ಹತ್ತು ಸಲ ಗದ್ದ ಮುಟ್ಟಿಸಿದರೆ 40. ಒಂಬತ್ತು ಅಡಿ ಕಂದಕ ಜಿಗಿಯುವುದು, ಹಾವಿನಂತೆ ತಿರುಗಿದ ಹಲಗೆಯ ಮೇಲೆ ಬೀಳದೆ ನಡೆಯುವುದು. ಇಷ್ಟೇ. ಇಷ್ಟಕ್ಕೆ ಬೇಕಾದದ್ದು ಒಂದು ಟ್ರ್ಯಾಕು, ಒಂದು ಬೀಮು. ನಮ್ಮಲ್ಲಿ ಎರಡೂ ಇರಲಿಲ್ಲ.

ಶಾಲೆಯ ಬಯಲನ್ನು ಎಷ್ಟು ಎಳೆದರೂ 400 ಮೀಟರಿನ ಸುತ್ತು ಆಗುತ್ತಿರಲಿಲ್ಲ. ಹಾಗಾಗಿ ರಸ್ತೆ. ಕಿಲೋಮೀಟರ್ ಕಲ್ಲಿನಿಂದ ಹೊರಟು, ಮುಂದಿನ ಕಲ್ಲು ದಾಟಿ, ಆರು ಎಂದು ಬರೆದ ಚಿಕ್ಕ ಕಲ್ಲಿಗೆ ಮುಟ್ಟಿದರೆ ಸರಿಯಾಗಿ 1600 ಮೀಟರ್. ಸವದತ್ತಿಯಲ್ಲಿದ್ದಾಗ ಎಲ್ಲಮ್ಮನ ಗುಡ್ಡದ ಏರು ದಮ್ಮು ಬೆಳೆಸಲು ಒಳ್ಳೆಯದಿತ್ತು. ಆದರೆ ಹುಣ್ಣಿಮೆ ಬಂತೆಂದರೆ ಚಕ್ಕಡಿ, ಟೆಂಪೋ, ಬಸ್ಸು, ಭಂಡಾರದ ಧೂಳು. ವಾರಗಟ್ಟಲೆ ಆ ದಾರಿಯಲ್ಲಿ ಕಾಲಿಡುವ ಹಾಗಿರಲಿಲ್ಲ. ರಾಮದುರ್ಗದಲ್ಲಿ ಬಿಸಿಲು ಏರುವ ಮೊದಲೇ ಮುಗಿಸಬೇಕು, ಆದ್ದರಿಂದ ನಸುಕಿನ ನಾಲ್ಕಕ್ಕೆ. ಆ ಹೊತ್ತಿಗೆ ರಸ್ತೆಯ ಒಡೆಯರು ಕಬ್ಬಿನ ಟ್ರ್ಯಾಕ್ಟರುಗಳು. ಹಿಂದೆ ಎರಡೆರಡು ಟ್ರೇಲರು, ಕಿವಿ ಹರಿಯುವಂಥ ಹಾಡು, ಹಿಂಬದಿಗೆ ಒಂದು ದೀಪವಿಲ್ಲ. ಹೀಗೆ ಓಡುತ್ತಿದ್ದ ಒಬ್ಬ ನೇಕಾರರ ಹುಡುಗನಿಗೆ ಹೊರಚಾಚಿದ ಕಬ್ಬಿನ ಹೊರೆ ಬಡಿದು ತೊಡೆಯ ಎಲುಬು ಮುರಿಯಿತು. ಬದುಕಿದ, ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನಿಗೆ ಭರ್ತಿಯ ವಯಸ್ಸು ಆಸ್ಪತ್ರೆಯಲ್ಲೇ ಮುಗಿಯಿತು. ಅವನ ತಾಯಿ ನನಗೆ ಒಂದೇ ಮಾತು ಕೇಳಿದಳು: ‘ಓಡಾಕ ಬ್ಯಾರೆ ಜಾಗಾ ಇರಲಿಲ್ಲೇನ್ರಿ ಸರ?’

ಆ ಮಾತು ಹೊತ್ತುಕೊಂಡು ನಾನು ಕಾಕಾನ ಹತ್ತಿರ ಹೋದೆ. ಅವರಿಗೆ ಗೊತ್ತಿದ್ದ ಒಬ್ಬ ಸುಬೇದಾರ್ ಸಾಹೇಬರ ಮುಖಾಂತರ ಒಂದು ಸೇನಾ ಘಟಕದ ಮೈದಾನ ರವಿವಾರ ಬೆಳಿಗ್ಗೆ ನಮಗೆ ಸಿಗುವ ಹಾಗಾಯಿತು. ಅರ್ಜಿ, ಹುಡುಗರ ಹೆಸರಿನ ಪಟ್ಟಿ, ಗುರುತಿನ ಚೀಟಿಯ ಝೆರಾಕ್ಸು. ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರಿನ ಸುಮಾರು. ಹುಡುಗರು ಶನಿವಾರ ಕೊನೆಯ ಬಸ್ಸಿಗೆ ಬಂದು ಸ್ಟ್ಯಾಂಡಿನಲ್ಲೇ ಟವೆಲ್ ಹಾಸಿ ಮಲಗುತ್ತಿದ್ದರು. ಬೈಲಹೊಂಗಲ, ಕಿತ್ತೂರಿನವರು ಹತ್ತಿರದವರು, ಆದರೂ ಮೊದಲ ಬಸ್ಸು ಕಾಯುವ ಧೈರ್ಯವಿಲ್ಲದೆ ಅವರೂ ರಾತ್ರಿಯೇ ಬರುತ್ತಿದ್ದರು.

ಮೊದಲ ದಿನ ಅಳತೆಯ ಟ್ರ್ಯಾಕಿನ ಮೇಲೆ ಬಿಟ್ಟಾಗ ಹುಡುಗರ ಪಾಡು ನೋಡಬೇಕಿತ್ತು. ರಸ್ತೆಯಲ್ಲಿ ಐದೂವರೆ ನಿಮಿಷದಲ್ಲಿ ಮುಗಿಸುತ್ತಿದ್ದವರು ಇಲ್ಲಿ ಮೂರನೆಯ ಸುತ್ತಿಗೆ ನಾಲಿಗೆ ಚಾಚಿದರು. ಅಲ್ಲಿದ್ದ ಒಬ್ಬ ಇನ್‌ಸ್ಟ್ರಕ್ಟರ್ ನಕ್ಕು, ಹಿಂದಿಯಲ್ಲಿ ಒಂದು ಲೆಕ್ಕ ಹೇಳಿದರು: 5.30 ಎಂದರೆ ಸುತ್ತಿಗೆ 82 ಸೆಕೆಂಡು. ಮೊದಲ ಸುತ್ತು 70ಕ್ಕೆ ಓಡಿದವನು ಕೊನೆಯ ಸುತ್ತಿಗೆ ನೂರು ದಾಟುತ್ತಾನೆ. ನೆಟ್ಟಗಿನ ರಸ್ತೆಯಲ್ಲಿ ಈ ಲೆಕ್ಕ ಕಲಿಯುವುದು ಸಾಧ್ಯವೇ ಇಲ್ಲ. ಅಲ್ಲಿ ಸುತ್ತು ಎಂಬುದೇ ಇಲ್ಲವಲ್ಲ. ಬೇವಿನ ಟೊಂಗೆಗೆ ಜೋತುಬಿದ್ದು ಕಲಿತವರಿಗೆ ಬೀಮಿನ ದಪ್ಪ ಪೈಪು ಕೈಗೆ ಹತ್ತುತ್ತಿರಲಿಲ್ಲ. ಅದೂ ಮೂರು ನಾಲ್ಕು ರವಿವಾರಕ್ಕೆ ಒಗ್ಗಿತು. ಮುಗಿದ ಮೇಲೆ ಸೈನ್ಯದ ಅಡುಗೆಮನೆ ಲಂಗರಿನಿಂದ ಸ್ಟೀಲ್ ಮಗ್ಗಿನಲ್ಲಿ ಚಹಾ. ಆ ಚಹಾ ಕುಡಿಯುವಾಗ ಜವಾನರು ‘ಯಾವೂರು?’ ಎಂದು ಕೇಳುವುದು, ನಮ್ಮವರು ‘ಸಂಗೊಳ್ಳಿ’, ‘ಬೆಳವಡಿ’, ‘ಸುರೇಬಾನ’ ಎಂದು ಹೇಳುವುದು, ಅವರಲ್ಲೊಬ್ಬ ‘ನಮ್ಮ ಅಕ್ಕನ್ನ ಅಲ್ಲೇ ಕೊಟ್ಟೇವಿ’ ಎಂದು ಬಿಡುವುದು. ಭರ್ತಿಯಾಗುವ ಮೊದಲೇ ಅರ್ಧ ಭರ್ತಿಯಾದವರ ಹಾಗೆ ಹುಡುಗರು ತಿರುಗಿ ಬರುತ್ತಿದ್ದರು. ಆ ವರ್ಷ ನಮ್ಮ ಗುಂಪಿನವರು ಹೆಚ್ಚು ಜನ ಓಟ ದಾಟಿದರು. ಎಲ್ಲವೂ ಆ ಮೈದಾನದಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಬಹಳಷ್ಟು ಅದರಿಂದ ಆಯಿತು ಎಂದು ಖಂಡಿತ ಹೇಳುತ್ತೇನೆ.

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ನುಗ್ಗಿದರು. ಸೆಪ್ಟೆಂಬರಿನಲ್ಲಿ ಉರಿ. ದೇಶದ ಎಲ್ಲ ಕಡೆ ಸೇನಾ ನೆಲೆಗಳ ಗೇಟುಗಳು ಬಿಗಿಯಾದವು. ನಮ್ಮ ರವಿವಾರವೂ ನಿಂತಿತು. ಗೇಟಿನ ಮೇಲಿದ್ದ ಹುಡುಗ ನಮ್ಮ ಜಿಲ್ಲೆಯವನೇ. ಮುಖ ತಗ್ಗಿಸಿ, ‘ಮ್ಯಾಲಿಂದ ಆರ್ಡರ್ ಐತ್ರಿ ಸರ’ ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಮಲಗಿದ್ದ ಜವಾನರು ಟೆಂಟಿನಲ್ಲೇ ಸುಟ್ಟುಹೋದ ಸುದ್ದಿ ಓದಿದವರು ಗೇಟು ಮುಚ್ಚಿದ್ದಕ್ಕೆ ಹೇಗೆ ಸಿಟ್ಟಾಗುವುದು? ಸಿಟ್ಟು ಬಂದದ್ದು ಆಮೇಲೆ. ಮತ್ತೆ ತೆರೆಯಬೇಕಾದರೆ ಏನು ಮಾಡಬೇಕು, ಯಾರನ್ನು ಕೇಳಬೇಕು, ಯಾವ ಕಾಗದ ಬೇಕು ಎಂದು ಹೇಳುವವರು ಒಬ್ಬರೂ ಸಿಗಲಿಲ್ಲ. ಸುಬೇದಾರ್ ಸಾಹೇಬರು ನಿವೃತ್ತರಾಗಿದ್ದರು. ಅವರಿಗೆ ಮಾತು ಕೊಟ್ಟಿದ್ದ ಅಧಿಕಾರಿ ಬೇರೆ ರಾಜ್ಯಕ್ಕೆ ವರ್ಗವಾಗಿದ್ದರು. ನಮ್ಮ ಪಟ್ಟಿ, ಝೆರಾಕ್ಸು, ಒಪ್ಪಿಗೆಯ ಚೀಟಿ, ಎಲ್ಲವೂ ಅವರಿಬ್ಬರ ಒಳ್ಳೆಯತನದ ಮೇಲೆ ನಿಂತಿತ್ತೇ ಹೊರತು ಯಾವ ನಿಯಮದ ಮೇಲೂ ಅಲ್ಲ ಎಂಬುದು ಆಗ ತಿಳಿಯಿತು.

ಕಂಟೋನ್ಮೆಂಟಿನ ರಸ್ತೆಗೆ ಕಾನೂನಿನ ಆಸರೆ ಇದೆ. 2006ರ ಕಂಟೋನ್ಮೆಂಟ್ ಕಾಯ್ದೆಯ ಪ್ರಕಾರ ರಸ್ತೆ ಮುಚ್ಚಬೇಕಾದರೆ ಸಾರ್ವಜನಿಕ ಪ್ರಕಟಣೆ ಕೊಡಬೇಕು, ಜನರ ಆಕ್ಷೇಪ ಕೇಳಬೇಕು. ಸಿಕಂದರಾಬಾದಿನಂಥ ಕಡೆ ಜನ ವರ್ಷಗಟ್ಟಲೆ ಜಗಳವಾಡಿದ್ದು ಇದೇ ಬಲದ ಮೇಲೆ. 2018ರ ಮೇ ತಿಂಗಳಲ್ಲಿ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ದೇಶದ 62 ಕಂಟೋನ್ಮೆಂಟುಗಳಲ್ಲಿ ಮುಚ್ಚಿದ್ದ ರಸ್ತೆ ತೆರೆಯಿರಿ ಎಂದದ್ದೂ ಅದರ ಫಲ. ಆದರೆ ಮೈದಾನಕ್ಕೆ, ಈಜುಕೊಳಕ್ಕೆ, ತೋಟಕ್ಕೆ ಅಂಥ ಆಸರೆ ಇಲ್ಲ. ಈ ಕಮಾಂಡಂಟ್ ತೆರೆದರೆ ತೆರೆಯಿತು, ಮುಂದಿನವರು ಮುಚ್ಚಿದರೆ ಮುಚ್ಚಿತು. ಕೇಳೋಣವೆಂದರೆ ಕಂಟೋನ್ಮೆಂಟ್ ಮಂಡಳಿಗಳಲ್ಲಿ 2021ರಿಂದ ಚುನಾಯಿತ ಸದಸ್ಯರೇ ಇಲ್ಲ; 2023ರಲ್ಲಿ ಚುನಾವಣೆ ಘೋಷಣೆಯಾಗಿ, ಅದನ್ನೂ ಹಿಂದಕ್ಕೆ ತಗೊಂಡರು. ಈಗ ಕಂಟೋನ್ಮೆಂಟುಗಳ ನಾಗರಿಕ ವಸತಿಯನ್ನು ನಗರಸಭೆ, ಪಾಲಿಕೆಗಳಿಗೆ ಸೇರಿಸುವ ಮಾತು ನಡೆದಿದೆ. ಹಿಮಾಚಲದ ಖಾಸ್ ಯೋಲ್ 2023ರಲ್ಲೇ ಹಾಗೆ ಬಿಡುಗಡೆಯಾಯಿತು. ಮನೆ, ಅಂಗಡಿ, ಗಟಾರು ಪಾಲಿಕೆಗೆ ಬರುತ್ತವೆ. ಮೈದಾನ ಸೈನ್ಯಕ್ಕೆ ಉಳಿಯುತ್ತದೆ. ಗೋಡೆ ಇನ್ನಷ್ಟು ಎತ್ತರವಾಗುತ್ತದೆ ಎಂಬ ಹೆದರಿಕೆ ನನಗಂತೂ ಇದೆ.

ಇದೇ ಸೈನ್ಯ 2019ರಲ್ಲಿ ಸಿಯಾಚಿನ್‌ನ ಬೇಸ್ ಕ್ಯಾಂಪಿನಿಂದ ಕುಮಾರ್ ಪೋಸ್ಟ್‌ವರೆಗೆ ಪ್ರವಾಸಿಗರಿಗೆ ದಾರಿ ತೆರೆಯಿತು. 2025ರಲ್ಲಿ ಗಲ್ವಾನ್, ಡೋಕ್ಲಾಮ್ ಕೂಡ ‘ರಣಭೂಮಿ ದರ್ಶನ’ ಎಂಬ ಪ್ರವಾಸ ಯೋಜನೆಗೆ ಸೇರಿದವು. ಚೀನಾದ ಗಡಿ ನೋಡಲು ನೋಂದಣಿ ಮಾಡಿಸಬಹುದು. ಬೆಳಗಾವಿಯ ಟ್ರ್ಯಾಕಿನ ಮೇಲೆ ನಾಲ್ಕು ಸುತ್ತು ಓಡಲು ರಾಮದುರ್ಗದ ಹುಡುಗ ಎಲ್ಲಿ ನೋಂದಾಯಿಸಬೇಕು?

2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನಕ್ಕೆ ಚಿರತೆಯೊಂದು ಹೊಕ್ಕಿತ್ತು. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿದರು, ಚಿರತೆ ಸಿಗದೆಯೇ ಹೋಯಿತು. ಅಂಥ ಹಸಿರನ್ನು ಬೇಲಿಯಾಚೆಯಿಂದಲೇ ನೋಡಿ ಬೆಳೆದ ನಮ್ಮ ಹುಡುಗರು ಅದನ್ನು ಎಷ್ಟು ದಿನ ಆಡಿಕೊಂಡರು! ‘ಸರ, ಅದಕ್ಕ ಪಾಸ್ ಯಾರು ಕೊಟ್ಟರಂತ್ರಿ?’

ಹಾಗೆಂದು ಸೈನ್ಯದ ಎಲ್ಲ ಬಾಗಿಲೂ ಮುಚ್ಚಿವೆ ಎಂದರೆ ಅನ್ಯಾಯ. ಮರಾಠಾ ಕೇಂದ್ರದಲ್ಲಿ ಬಾಯ್ಸ್ ಸ್ಪೋರ್ಟ್ಸ್ ಕಂಪನಿ ಇದೆ. ಎಳೆಯ ಹುಡುಗರನ್ನು ಆರಿಸಿ, ಊಟ, ವಸತಿ, ಶಾಲೆ ಎಲ್ಲ ಕೊಟ್ಟು ಕುಸ್ತಿ ಕಲಿಸುತ್ತಾರೆ. ಕಿತ್ತೂರು, ಬೈಲಹೊಂಗಲದ ಕಡೆ ಗರಡಿಮನೆ ಇಲ್ಲದ ಊರು ಕಡಿಮೆ. ಮಣ್ಣಿನ ಕಣದಲ್ಲಿ ಬೆಳೆದ ಹುಡುಗನಿಗೆ ಮ್ಯಾಟ್ ಎಂಬುದು ಸಿಗುವುದೇ ಅಂಥ ಕಡೆ. ನಾನು ಬಲ್ಲ ಒಬ್ಬ ರೈತರ ಮಗ ಹಾಗೆ ಆಯ್ಕೆಯಾಗಿ ಹೋದ. ರಜೆಗೆ ಬಂದಾಗ ಗರಡಿಯಲ್ಲಿ ತನ್ನ ಗುರುವಿಗೇ ಕಾಲು ಹಿಡಿಯುವ ಹೊಸ ಪಟ್ಟು ತೋರಿಸಿದ. ಮುದುಕ ಪೈಲ್ವಾನರು ಬೈದುಕೊಂಡೇ ಕಲಿತರು. ಅಲ್ಲಿ ನಿಯಮವಿದೆ, ವಯಸ್ಸಿನ ಮಿತಿ ಇದೆ, ಆಯ್ಕೆಯ ದಿನ ಪತ್ರಿಕೆಯಲ್ಲಿ ಬರುತ್ತದೆ. ಅಧಿಕಾರಿ ವರ್ಗವಾದರೂ ಕಂಪನಿ ನಿಲ್ಲುವುದಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ಕಿತ್ತೂರಿನಲ್ಲಿ 1969ರಿಂದ ಹುಡುಗಿಯರ ಸೈನಿಕ ಶಾಲೆ ನಡೆದಿದೆ. ಸೇನಾ ಪೊಲೀಸ್ ದಳಕ್ಕೆ ಮಹಿಳೆಯರ ಭರ್ತಿ 2019ರ ಆಗಸ್ಟಿನಲ್ಲಿ ನಮ್ಮ ಬೆಳಗಾವಿಯಲ್ಲೇ ಆಯಿತು. ಅದನ್ನು ಓದಿ ಕೆಲವು ಹುಡುಗಿಯರು ನನ್ನಲ್ಲಿಗೆ ಬಂದರು. ಅವರಿಗೆ ಓಟಕ್ಕೆ ಎಂಟು ನಿಮಿಷ. ಓಡುವ ಶಕ್ತಿಗೇನೂ ಕೊರತೆ ಇರಲಿಲ್ಲ. ನಸುಕಿನ ನಾಲ್ಕಕ್ಕೆ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಕತ್ತಲ ರಸ್ತೆಗೆ ಯಾವ ತಂದೆ ಮಗಳನ್ನು ಕಳಿಸುತ್ತಾನೆ? ಹುಡುಗರಿಗಾದರೆ ಮೈದಾನವಿಲ್ಲದಿದ್ದರೆ ರಸ್ತೆಯಾದರೂ ಇತ್ತು. ಇವರಿಗೆ ಅದೂ ಇಲ್ಲ. ಒಬ್ಬಳು ಮನೆಯ ಮಾಳಿಗೆಯ ಮೇಲೆ ಸುತ್ತು ಹಾಕಿ ತಯಾರಿ ಮಾಡಿದಳು. ಕಿತ್ತೂರು ಚೆನ್ನಮ್ಮ, ಬೆಳವಡಿ ಮಲ್ಲಮ್ಮ ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರನ್ನು ಆ ಮಾಳಿಗೆ ಹತ್ತಿಸಿ ನಿಲ್ಲಿಸಬೇಕು ಎನಿಸಿತ್ತು.

ಮೈದಾನ ಸಿಗದ ನಮ್ಮ ಹುಡುಗರು ಮೈ ಪಳಗಿಸಿಕೊಂಡದ್ದು ಎಲ್ಲಿ ಎಂದರೆ, ಕೋಟೆಗಳಲ್ಲಿ. ಸವದತ್ತಿಯಲ್ಲಿದ್ದಾಗ ದೇಸಾಯರ ಕೋಟೆಯ ಬುರುಜುಗಳ ಮೆಟ್ಟಿಲು ಹತ್ತಿಳಿಸಿ ಮೊಣಕಾಲು ಗಟ್ಟಿ ಮಾಡಿಸುತ್ತಿದ್ದೆ. ಕಿತ್ತೂರಿನ ಕೋಟೆಯ ಬಯಲಿನಲ್ಲಿ, ಅರಮನೆಯ ಮುರಿದ ಗೋಡೆಗಳ ಪಕ್ಕ, ಅಲ್ಲಿಯ ಹುಡುಗರು ಇಂದಿಗೂ ದಂಡ-ಬೈಠಕ್ ಹೊಡೆಯುತ್ತಾರೆ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು ಆ ಕೋಟೆಯ ಮುಂದೆ. ಬೈಲಹೊಂಗಲದ ಕೋಟೆ ಕಂಪನಿ ಸರ್ಕಾರದ ಕಾವಲಿನಲ್ಲಿತ್ತು. ಚೆನ್ನಮ್ಮ ಅಲ್ಲಿ ಸೆರೆಯಲ್ಲೇ ಇದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಈಗ ಅವಳ ಸಮಾಧಿಯ ಸುತ್ತ ಉದ್ಯಾನ. ಸಂಜೆ ಮುದುಕರು ಕೂಡುತ್ತಾರೆ, ಮಕ್ಕಳು ಓಡಾಡುತ್ತವೆ. ಭಾವೆ ಸಂಸ್ಥಾನದ ರಾಮದುರ್ಗವೂ ಒಂದು ಕಾಲಕ್ಕೆ ಕಾವಲುಗಾರ ಬಿಟ್ಟರೆ ಮಾತ್ರ ಒಳಗೆ ಹೋಗುವ ಊರು. ಒಂದಾನೊಂದು ಕಾಲದಲ್ಲಿ ಇವೆಲ್ಲ ಮಿಲಿಟರಿ ನೆಲೆಗಳೇ. ಇವು ಜನರಿಗೆ ದಕ್ಕಿದ್ದು ಸೈನ್ಯ ಸೋತು, ಗೋಡೆ ಬಿದ್ದು, ರಾಜ್ಯ ಮುಗಿದ ಮೇಲೆ. ಅಮೆರಿಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋ ಎಂಬ ಹಳೆಯ ಸೇನಾ ನೆಲೆಯನ್ನು 1994ರಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಒಪ್ಪಿಸಿದರು. ಅದೂ ಸೈನ್ಯ ಅಲ್ಲಿಂದ ಕಾಲ್ತೆಗೆಯುವಾಗಲೇ. ಜೀವಂತ ಸೈನ್ಯ, ಕೆಲಸ ಮಾಡುತ್ತಿರುವ ಸೈನ್ಯ, ತನ್ನ ತೋಟದ ಬಾಗಿಲು ತೆರೆದಿಟ್ಟುಕೊಂಡೇ ಇರಬಹುದು ಎಂಬುದಕ್ಕೆ ನಾನು ದೂರ ಹೋಗಬೇಕಾಗಿಲ್ಲ, ಮಿಲಿಟರಿ ಮಹಾದೇವ ಇದೆ. 1954ರಿಂದ ಇಲ್ಲಿಯವರೆಗೆ ಎಷ್ಟು ಯುದ್ಧಗಳಾದವು! ಆ ಗುಡಿಯ ಬಾಗಿಲಿಗೆ ಬರುವ ಜನರಿಂದ ಬೆಳಗಾವಿಯ ಸೈನ್ಯಕ್ಕೆ ಕೇಡಾದ ಸುದ್ದಿ ನಾನು ಕೇಳಿಲ್ಲ.

ನಾನು ಕೇಳುವುದು ಬಹಳವಿಲ್ಲ. ಮೆಸ್ಸು ಬೇಡ, ಕ್ಲಬ್ಬು ಬೇಡ, ಗಾಲ್ಫ್ ಅಂತೂ ಬೇಡವೇ ಬೇಡ. ಶಸ್ತ್ರಾಗಾರದಿಂದ ದೂರವಿರುವ ಒಂದು ಮೈದಾನ, ರವಿವಾರ ಬೆಳಿಗ್ಗೆ ಐದರಿಂದ ಎಂಟು, ಅದರಲ್ಲಿ ಒಂದು ಗಂಟೆ ಹುಡುಗಿಯರಿಗೆ. ಆಧಾರ್ ನೋಡಿ, ಪೊಲೀಸ್ ಠಾಣೆಯಿಂದ ತಪಾಸಣೆ ಮಾಡಿಸಿ, ಆರು ತಿಂಗಳ ಪಾಸ್ ಕೊಡಲಿ. ಭದ್ರತೆಗಾಗಿ ಮುಚ್ಚಬೇಕಾದಾಗ ಮುಚ್ಚಲಿ, ಯಾವಾಗ ತೆರೆಯುತ್ತದೆ ಎಂದು ಗೇಟಿನ ಬೋರ್ಡಿನ ಮೇಲೆ ಕನ್ನಡದಲ್ಲಿ, ಮರಾಠಿಯಲ್ಲಿ ಬರೆಯಲಿ. ಸೈನ್ಯಕ್ಕೆ ಹುಡುಗರನ್ನು ಕೊಡುವ ತಾಲ್ಲೂಕುಗಳು ಇಷ್ಟು ಕೇಳಿದರೆ ಅದು ಭಿಕ್ಷೆ ಅಲ್ಲ. ಅದರ ಜೊತೆಗೆ ತಾಲ್ಲೂಕಿಗೊಂದು 400 ಮೀಟರಿನ ಮಣ್ಣಿನ ಟ್ರ್ಯಾಕು ನಮ್ಮ ಶಾಸಕರಿಂದಲೂ ಕೇಳಬೇಕು. ನೂರು ಕಿಲೋಮೀಟರ್ ದೂರದ ಮೈದಾನ ಎಷ್ಟು ತೆರೆದರೂ ರಾಮದುರ್ಗಕ್ಕೆ ಅದು ವಾರಕ್ಕೊಮ್ಮೆಯ ಮಾತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಾಜಿ ಸೈನಿಕರಲ್ಲಿ ನನ್ನದೊಂದು ವಿನಂತಿ. ಈ ಅರ್ಜಿಯನ್ನು ನೀವು ಬರೆಯಬೇಕು. ನಿವೃತ್ತ ಪಿ.ಟಿ. ಮಾಸ್ತರ ಬರೆದ ಅರ್ಜಿಗೆ ಇನ್‌ವರ್ಡ್ ನಂಬರು ಬೀಳುತ್ತದೆ, ಅಷ್ಟೇ. ನಿಮ್ಮ ಮೆಡಲಿನ ಸಂಖ್ಯೆ, ರೆಜಿಮೆಂಟಿನ ಹೆಸರು ಮೇಲೆ ಹಾಕಿ ಕೊಟ್ಟರೆ ಸಾಹೇಬರು ಕೂಡಿಸಿ ಮಾತಾಡುತ್ತಾರೆ. ಮುಂದಿನ ತಿಂಗಳು ಕ್ಯಾಂಟೀನಿಗೆ ಹೋಗುವಾಗ ಹೇಗೂ ಆ ಗೇಟಿನ ಮುಂದೆಯೇ ಹಾಯುತ್ತೀರಿ.